ನನ್ನ ಬೆನ್ನು, ಗಂಗಳ ಕಾಲು

ಮನೆಯಿಂದ ಹೊರಟು ಮಧುಗಿರಿ ಬಸ್ ಸ್ಟ್ಯಾಂಡ್ ಪಕ್ಕದ ನನ್ನ ಹೊಲಿಗೆ ಅಂಗಡಿ ಮುಟ್ಟುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಏನ್ ಲಲ್ತಕ್ಕ, ಗಾಡಿಯಿಂದ ಬಿದ್ಬುಟ್ಯಾ? ಕಾಲು ಎಳೀತಾ ಇದೀಯಲ್ಲ?" ಜೊತೆಯಲ್ಲಿ ನನ್ನ ಗಂಡ ಇದ್ದರೆ ಅವರೇ ಮುಂದೆ ಬಿದ್ದು, "ಹೂಂ, ಸ್ಕೂಟಿ ಜಾರ್ತು" ಅಂದುಬಿಡುತ್ತಾರೆ. ನಾನು ಸುಮ್ಮನಿರುವುದಿಲ್ಲ. "ಬಿದ್ದಿಲ್ಲ ಕಣಮ್ಮ. ಹಿಂದ್ಗಡೆಯಿಂದ ಕ್ಯಾಮೆರಾ ಬಿಟ್ಟು ಕರುಳು ನೋಡಿದ್ರು. ಆಮ್ಯಾಕೆ ಬೆನ್ನುಮೂಳೇಲಿ ಕೀವಾಯ್ತು" ಅನ್ನುತ್ತೇನೆ. ಕೇಳಿದವರ ಮುಖ ನೀವು ನೋಡಬೇಕು. ಕೇಳಬಾರದ್ದನ್ನು ಕೇಳಿದವರ ಹಾಗೆ ಚೀಲ ಎತ್ತಿಕೊಂಡು ಹೊರಟೇ ಹೋಗುತ್ತಾರೆ.

ನನ್ನ ಪೋಸ್ಟು ಓದುವವರಿಗೆ ನನ್ನ ಬಾಯಿ ಗೊತ್ತು. ರವಿಕೆ ಕೆಟ್ಟರೆ "ನಾನೇ ಕೆಡಿಸಿದೆ" ಎಂದು ಗಿರಾಕಿಯ ಮುಂದೆ ಹೇಳುವವಳು ನಾನು. ಗಿರಾಕಿ ದಪ್ಪಗಾಗಿದ್ದರೆ ಅದನ್ನೂ ಹೇಳುವವಳು. ಸುಳ್ಳು ನನಗೆ ಬರುವುದಿಲ್ಲ. ಹೇಳಿದರೂ ಮುಖದಲ್ಲಿ ಗೊತ್ತಾಗಿಬಿಡುತ್ತದೆ ಎಂದು ಚಿಕ್ಕಂದಿನಿಂದ ನನ್ನ ತಂಗಿ ಗಂಗ ಆಡಿಕೊಂಡು ನಗುತ್ತಿದ್ದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನಂಥವರು ಇನ್ನೊಬ್ಬರು ಎಲ್ಲಾದರೂ ಇದ್ದಾರಾ ಎಂದು ಫೋನಿನಲ್ಲಿ ಹುಡುಕಿದೆ. ಕನ್ನಡದಲ್ಲಿ ಒಬ್ಬರೂ ಸಿಗಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನಾಳೆ ಯಾರಾದರೂ ಹುಡುಕಿದರೆ ಲಲಿತ ಅಂತ ಒಬ್ಬಳು ಇದ್ದಾಳೆ ಎಂದು ಗೊತ್ತಾಗಲಿ.

ಶುರುವಾಗಿದ್ದು ರಕ್ತದಿಂದ. ಬೆಳಿಗ್ಗೆ ಕಕ್ಕಸಿಗೆ ಹೋದಾಗ ರಕ್ತ. ನಮ್ಮ ಕಡೆ ಇದನ್ನು ಹೇಳಿಕೊಂಡರೆ ಎಲ್ಲರೂ ಡಾಕ್ಟರೇ. ಮೂಲವ್ಯಾಧಿ ಎಂದರು, ಉಷ್ಣ ಎಂದರು, ಮೂಲಂಗಿ ರಸ ಕುಡಿ ಎಂದರು. ಕುಡಿದೆ. ಮಜ್ಜಿಗೆಗೆ ಮೆಂತ್ಯ ಹಾಕಿಕೊಂಡು ಕುಡಿದೆ. ರಕ್ತ ನಿಲ್ಲಲಿಲ್ಲ, ನನ್ನ ಮುಖ ಮಾತ್ರ ಸುಣ್ಣದ ಗೋಡೆಯಂತೆ ಬಿಳಿಚಿತು. ನಮ್ಮೂರಿನ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, "ಇದು ಆಟ ಅಲ್ಲ. ತುಮಕೂರಿಗೆ ಹೋಗಿ ಕ್ಯಾಮೆರಾ ಬಿಡಿಸಿ ಕರುಳು ನೋಡಿಸಿ" ಅಂದರು.

ಎಲ್ಲಿಂದ ಬಿಡುತ್ತಾರೆ ಎಂದು ಕೇಳಿದೆ. ಹೇಳಿದರು. ನನ್ನ ಗಂಡ ರಾಮಾಂಜಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಲು ಶುರು ಮಾಡಿದರು.

ರಾಮಾಂಜಿಗೆ ಕೋರ್ಟಿನ ಎದುರು ಟೈಪಿಂಗ್ ಅಂಗಡಿ. ಬೆಳಗಿನಿಂದ ಸಂಜೆವರೆಗೆ ಕಂಡವರ "ಸತ್ಯವನ್ನೇ ಹೇಳುತ್ತೇನೆ" ಟೈಪ್ ಮಾಡುವುದು ಅವರ ಕೆಲಸ. ಮನೆಗೆ ಬಂದು ಎಲ್ಲರಿಗೂ "ಲಲಿತಂಗೆ ಹೊಟ್ಟೆ ಸ್ಕ್ಯಾನು" ಅಂದರು. ಅವರು ಪಾವಗಡದ ಕಡೆಯವರು. ಖುಷಿಯಾಗಿದ್ದಾಗ ಕನ್ನಡ, ಹೆದರಿಕೆಯಾದರೆ ತೆಲುಗು. ಪರೀಕ್ಷೆಯ ಹಿಂದಿನ ದಿನ ಕರುಳು ತೊಳೆಯುವ ಪುಡಿಯನ್ನು ನೀರಿಗೆ ಹಾಕಿ ನಾನು ಲೋಟಗಟ್ಟಲೆ ಕುಡಿದು ಬಚ್ಚಲಿಗೂ ಮಂಚಕ್ಕೂ ಓಡಾಡುತ್ತಿದ್ದರೆ, ಬಾಗಿಲ ಹೊರಗೆ ನಿಂತು "ಏಮೀ ಕಾದು, ಏಮೀ ಕಾದು" ಅನ್ನುತ್ತಿದ್ದರು. ಏನೂ ಆಗಲ್ಲ ಅಂತ ಅರ್ಥ. "ಇನ್ನೇನ್ರೀ ಆಗೋದು ಬಾಕಿ ಐತೆ? ಒಳಗಿರೋದೆಲ್ಲ ಆಗ್ಲೇ ಆಚೆಗೆ ಬಂದೈತೆ" ಎಂದು ಒಳಗಿನಿಂದ ಕೂಗಿದೆ. ಇಬ್ಬರೂ ನಕ್ಕೆವು.

ಪರೀಕ್ಷೆ ನನಗೆ ನೆನಪೇ ಇಲ್ಲ. ಸೂಜಿ ಚುಚ್ಚಿದರು, ಎಚ್ಚರವಾದಾಗ ಮುಗಿದಿತ್ತು. ಚಿಕ್ಕದೊಂದು ಗುಳ್ಳೆ ಇತ್ತು, ತೆಗೆದಿದ್ದೇವೆ, ಕ್ಯಾನ್ಸರ್ ಏನೂ ಇಲ್ಲ ಎಂದರು. ಆ "ಇಲ್ಲ" ಕೇಳಿ ರಾಮಾಂಜಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಕಣ್ಣೊರೆಸಿಕೊಂಡರು. ವಾಪಸ್ಸು ಬರುವಾಗ ತಟ್ಟೆ ಇಡ್ಲಿ ತಿಂದೆ. ಬೆಣ್ಣೆ ಹಾಕಿಸಿಕೊಂಡೆ. ಗಂಗಳಿಗೆ ಫೋನ್ ಮಾಡಿ, "ಏನೂ ಇಲ್ಲವಂತೆ ಕಣೇ, ಗೆದ್ದೆ" ಅಂದೆ. ಅವಳು ಆ ಕಡೆಯಿಂದ, "ನಿನ್ ಬಾಯಿ ನೋಡಿದ್ರೆ ಯಾವ ಕಾಯಿಲೆ ಬತ್ತದಕ್ಕ" ಅಂದಳು.

ಕೆಲವು ದಿನ ಕಳೆದ ಮೇಲೆ ಚಳಿ ಜ್ವರ ಬಂತು. ಊರಲ್ಲೆಲ್ಲ ಜ್ವರ ಇತ್ತು, ನನಗೂ ಬಂತು ಅಂದುಕೊಂಡೆ. ಮಾತ್ರೆ ನುಂಗಿದರೆ ಹೋಗುವುದು, ಬಿಟ್ಟರೆ ಬರುವುದು. ಆಮೇಲೆ ಬೆನ್ನು. ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಳಗಡೆ, ಯಾರೋ ಮೊಳೆ ಹೊಡೆದು ಅಲ್ಲೇ ಬಿಟ್ಟಂತೆ. ಕೂತರೆ ನೋವು ಇರುತ್ತದೆ ಎನ್ನೋಣ. ಇದು ಮಲಗಿದರೂ ಇತ್ತು. ದುಡಿದ ಬೆನ್ನು ಮಲಗಿದರೆ ಆರುತ್ತದೆ, ಇದು ಮಲಗಿದರೆ ಇನ್ನೂ ಏಳುತ್ತಿತ್ತು. ಆ ವ್ಯತ್ಯಾಸ ಆವತ್ತು ನನಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಹೊಲಿಗೆಯವಳ ಬೆನ್ನು ನೋಯದೆ ಇನ್ನೇನು ಎಂದು ಎಲ್ಲರೂ ಅಂದರು. ಮದುವೆ ಸೀಸನ್ನು, ಪೆಡಲ್ ಮಿಷನ್ನು, ಬಗ್ಗಿಕೊಂಡೇ ಕೆಲಸ. ಮೂಳೆ ಡಾಕ್ಟರ ಹತ್ತಿರ ಹೋದರೆ ಎಕ್ಸ್‌ರೇ ತೆಗೆದು, "ಬಿದ್ದಿದ್ರಾ? ಆಪರೇಷನ್ ಏನಾದ್ರೂ ಆಗಿತ್ತಾ?" ಎಂದು ಕೇಳಿದರು. "ಏನೂ ಇಲ್ಲ ಸಾರ್" ಅಂದರು ರಾಮಾಂಜಿ. ನಾನೂ ತಲೆಯಾಡಿಸಿದೆ. ಕ್ಯಾಮೆರಾ ಬಿಟ್ಟಿದ್ದು ಆಪರೇಷನ್ ಅಲ್ಲವಲ್ಲ. ಹೊಟ್ಟೆಗೂ ಬೆನ್ನಿಗೂ ಏನು ಸಂಬಂಧ ಎಂದು ಯಾರಿಗೆ ಹೊಳೆಯುತ್ತದೆ? ಸೊಂಟಕ್ಕೆ ಬೆಲ್ಟ್ ಕೊಟ್ಟರು, ನೋವಿನ ಮಾತ್ರೆ ಕೊಟ್ಟರು.

ಈಗ ಗಂಗಳ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಹೇಳಿದ್ದೆಲ್ಲ ಸುಲಭ.

ಗಂಗ ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಹಾಗೆ ಹುಟ್ಟಿದವರ ಕಾಲು ತಾಗಿದರೆ ಬೆನ್ನಿನ ಉಳುಕು ಬಿಡುತ್ತದೆ ಎನ್ನುತ್ತಾರೆ. ಅವಳಿಗೆ ನೆಟ್ಟಗೆ ನಡೆಯಲು ಬರುವ ಮೊದಲೇ ಅಜ್ಜಿ ಅವಳ ಕಂಕುಳು ಹಿಡಿದು ಎತ್ತಿ ಊರವರ ಬೆನ್ನ ಮೇಲೆ ನಿಲ್ಲಿಸುತ್ತಿದ್ದಳು. ಗಂಗ ಅವರ ಬೆನ್ನ ಮೇಲೆ ಕುಣಿಯುತ್ತಿದ್ದಳು, ನನಗೆ ಹೊಟ್ಟೆಕಿಚ್ಚು. ನಾನು ತಲೆ ಮುಂದಾಗಿ ಹುಟ್ಟಿ ಏನು ಸಿಕ್ಕಿತು? ಅವಳಿಗೆ ಬೆಲ್ಲ, ಕಡ್ಲೆಕಾಯಿ.

ಮದುವೆಯಾಗಿ ಐ.ಡಿ.ಹಳ್ಳಿಗೆ ಹೋದಮೇಲೂ ಅದು ನಿಲ್ಲಲಿಲ್ಲ. ಗಂಡ ಬೇಗ ತೀರಿಕೊಂಡ. ಅವಳು ಕನಕಾಂಬರ ಬೆಳೆದು, ಕಟ್ಟಿ, ಮಧುಗಿರಿಗೆ ತಂದು ಮಾರುತ್ತಾಳೆ. ಊರಲ್ಲಿ ಅವಳಿಗೆ ಒಂದು ಜಾಗ ಅಂತ ಇದ್ದರೆ ಆ ಕಾಲಿನಿಂದ. ಗಂಡ ಸತ್ತವಳನ್ನು ಶುಭ ಕಾರ್ಯಕ್ಕೆ ಕರೆಯದವರು ಬೆನ್ನು ಹಿಡಿದರೆ ಅವಳ ಬಾಗಿಲಿಗೆ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಹೊಸಿಲಿಗೆ ತಲೆ ಕೊಟ್ಟು ಚಾಪೆಯ ಮೇಲೆ ಬೋರಲು ಮಲಗಬೇಕು. ಅವಳು ಮೊದಲು ಹಣೆ ಮುಟ್ಟಿ ನೋಡುತ್ತಾಳೆ: ಜ್ವರ ಇದ್ದವರಿಗೆ, ಬಸುರಿಯರಿಗೆ ತುಳಿಯಬಾರದು, ಅಜ್ಜಿ ಹಾಕಿಕೊಟ್ಟ ಕಟ್ಟು. ಆಮೇಲೆ ಎಡಗಾಲಿನಿಂದ ಮೂರು ಸಲ ಒತ್ತುತ್ತಾಳೆ. ಮಲಗಿದವರು ಎದ್ದು, ಹೋಗಿ ಬರ್ತೀನಿ ಎನ್ನದೆ, ಹಿಂತಿರುಗಿ ನೋಡದೆ ಹೋಗಬೇಕು.

ಆ ಭಾನುವಾರ ರಾಮಾಂಜಿ ಬಾಡಿಗೆ ಕಾರು ಮಾಡಿ ನನ್ನನ್ನೂ ಅವಳ ಹತ್ತಿರ ಕರೆದುಕೊಂಡು ಹೋದರು. ಹೊರಡುವ ಮೊದಲು ಎಂದಿನಂತೆ ನೋವಿನ ಮಾತ್ರೆ ನುಂಗಿದ್ದೆ.

"ಏನಕ್ಕ, ಕೊನೆಗೂ ನನ್ ಕಾಲ್ ಕೆಳಗೇ ಬಂದ್ಯಲ್ಲ" ಅಂದಳು ಗಂಗ.

"ಮಾತು ಕಮ್ಮಿ ಮಾಡಿ ತುಳಿಯೇ. ಜೀವ ಹೋಗ್ತಾ ಐತೆ."

ಅವಳು ಕೂತು ನನ್ನ ಹಣೆಗೆ ಅಂಗೈ ಇಟ್ಟಳು. ತಿರುಗಿಸಿ ಹಿಂಗೈ ಇಟ್ಟಳು. "ತಣ್ಣಗೈತೆ" ಅಂದಳು. ನೋವಿನ ಮಾತ್ರೆ ಜ್ವರವನ್ನೂ ಒಳಗೆ ಅಡಗಿಸಿ ಕೂರಿಸಿತ್ತು. ಅದು ಅವಳಿಗೆ ಹೇಗೆ ಗೊತ್ತಾಗಬೇಕು, ನನಗೂ ಗೊತ್ತಿರಲಿಲ್ಲ.

ಮೂರು ಸಲ. ಮೊದಲನೆಯದು ಹಗುರ, ಎರಡನೆಯದು ಸ್ವಲ್ಪ ಗಟ್ಟಿ. ಮೂರನೆಯದಕ್ಕೆ ನನಗೆ ಕಣ್ಣು ಕತ್ತಲಿಟ್ಟಿತು. ಕೂಗಿದೆ. "ಹೋಯ್ತು ಬುಡು, ಹೋಯ್ತು" ಎಂದು ಗಂಗ ಬೆನ್ನು ಸವರಿದಳು. ಎದ್ದೆ. ಸ್ವಂತ ತಂಗಿಯಾದರೂ ಕಟ್ಟು ಕಟ್ಟೇ, ಹಿಂತಿರುಗಿ ನೋಡದೆ ಕಾರು ಹತ್ತಿದೆ. ಅವಳು ಹೊಸಿಲಲ್ಲಿ ನಿಂತು ನೋಡುತ್ತಿರುತ್ತಾಳೆ ಎಂದು ಬೆನ್ನಿಗೆ ಗೊತ್ತಿತ್ತು.

ಎರಡು ದಿನ ಆಗಿರಬೇಕು. ಅಂಗಡಿಯಲ್ಲಿ ಪೆಡಲ್ ತುಳಿಯಲು ಹೋದೆ, ಎಡಗಾಲು ಪೆಡಲ್ ಮೇಲಿಂದ ಜಾರಿ ಕೆಳಗೆ ಬಿತ್ತು. ಎತ್ತಿ ಇಟ್ಟೆ. ಮತ್ತೆ ಬಿತ್ತು. ನನ್ನ ಕಾಲು ಯಾರದೋ ಕಾಲಿನ ಹಾಗೆ ಅಲ್ಲಿ ಬಿದ್ದಿತ್ತು. ಪಕ್ಕದ ಬೇಕರಿಯವರು ರಾಮಾಂಜಿಗೆ ಫೋನ್ ಮಾಡಿದರು. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿದವರು ನಮ್ಮ ಜೊತೆ ಮಾತಾಡದೆ ಅವರವರೇ ಮಾತಾಡಿಕೊಂಡರು. ಅವರೇ ಆಂಬುಲೆನ್ಸ್ ಕರೆಸಿ ಬೆಂಗಳೂರಿಗೆ ಕಳಿಸಿದರು. ದಾರಿಯುದ್ದಕ್ಕೂ ರಾಮಾಂಜಿ ನನ್ನ ಕೈ ಹಿಡಿದು "ಏಮೀ ಕಾದು" ಅನ್ನುತ್ತಿದ್ದರು. ಆವತ್ತು ಇಬ್ಬರೂ ನಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ವಯಸ್ಸಿನವರೇ. ಮಂಚದ ಅಂಚಿಗೆ ಕೂತು ಕೇಳಿದರು. "ಈ ಎರಡು ಮೂರು ತಿಂಗಳಲ್ಲಿ ಏನಾದ್ರೂ ಮಾಡಿಸ್ಕೊಂಡ್ರಾ? ಹಲ್ಲು ಕೀಳಿಸಿದ್ದು, ಮೂತ್ರಕ್ಕೆ ಪೈಪ್ ಹಾಕಿದ್ದು, ಯಾವುದಾದ್ರೂ ಟೆಸ್ಟು?"

"ಏನೂ ಇಲ್ಲ ಮೇಡಂ" ಅಂದರು ರಾಮಾಂಜಿ.

"ಯಾಕಿಲ್ಲ?" ಅಂದೆ ನಾನು. "ಹಿಂದ್ಗಡೆಯಿಂದ ಕ್ಯಾಮೆರಾ ಬಿಟ್ಟಿದ್ರು."

ವಾರ್ಡಿನಲ್ಲಿ ಇದ್ದಬದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ: ಕರುಳಿನಲ್ಲಿ ಎಲ್ಲರಿಗೂ ಕ್ರಿಮಿಗಳಿರುತ್ತವೆ, ಅವು ಅಲ್ಲಿದ್ದರೆ ತೊಂದರೆ ಇಲ್ಲ. ತುಂಬಾ ಅಪರೂಪಕ್ಕೆ ಇಂಥ ಪರೀಕ್ಷೆಯ ಹೊತ್ತಿನಲ್ಲಿ ರಕ್ತಕ್ಕೆ ಸೇರಿ ಎಲ್ಲೋ ಹೋಗಿ ಕೂತುಬಿಡುತ್ತವೆ. ನನ್ನವು ಬೆನ್ನುಮೂಳೆಯಲ್ಲಿ ಕೂತಿದ್ದವು. ಕೀವು ತುಂಬಿ ಕಾಲಿನ ನರವನ್ನು ಒತ್ತುತ್ತಿತ್ತು. "ಯಾರ ತಪ್ಪೂ ಅಲ್ಲ. ನಾನು ಇಷ್ಟು ವರ್ಷದಲ್ಲಿ ಇಂಥದ್ದು ನೋಡಿರೋದೇ ಕಮ್ಮಿ" ಅಂದರು. ಅಷ್ಟು ಅಪರೂಪವಾಗಿದ್ದು ಬರಲಿ ಎಂದು ಬಾಳೆಲ್ಲ ಕಾದಿದ್ದೆ, ಬಂದಿದ್ದು ಇದು.

ಬೆನ್ನು ಕೊಯ್ದು ಕೀವು ತೆಗೆದರು. ಆಮೇಲೆ ವಾರಗಟ್ಟಲೆ ರಕ್ತನಾಳಕ್ಕೆ ಔಷಧಿ. ಮಲಗಿದ್ದಲ್ಲೇ ಎಲ್ಲ. ನಾನು ಎಷ್ಟು ಬಾಯಿಬಡುಕಿ ಅಂದರೂ ಯಾರೋ ಬೇರೆಯವರು ತೊಳೆಯುವಾಗ ಬಾಯಿ ಬರುವುದಿಲ್ಲ. ಚಾವಣಿ ನೋಡುತ್ತಾ ಮಲಗಿರುತ್ತಿದ್ದೆ.

ಆ ದಿನಗಳಲ್ಲಿ ಸಿಕ್ಕ ಪುಣ್ಯ ಅಂದರೆ ಶಮೀಮ. ಸಿರಾದವಳು, ಪಕ್ಕದ ಮಂಚದ ತನ್ನ ಅತ್ತೆಯನ್ನು ನೋಡಿಕೊಳ್ಳಲು ಬಂದಿದ್ದಳು. ಅಕ್ಕ ಅನ್ನುವ ಹಾಗೆ ನನ್ನನ್ನು ಆಪಾ ಅನ್ನುತ್ತಾ ತಲೆ ಬಾಚುತ್ತಿದ್ದಳು, ಯಾರೂ ಹೇಳದೆಯೇ. "ಆಪಾ, ಜರಾ ಈ ಕಡೆ ತಿರುಗ್ರಿ. ಕೂದ್ಲು ಜಡೆಗಟ್ಟೈತೆ, ನಿಮ್ ಯಜಮಾನ್ರು ಬಾಚಿದ್ರೆ ಟೈಪ್ ಮಾಡ್ದಂಗೆ ಕುಟ್ತಾರೆ." ಅವಳಿಂದಲೇ ನನಗೆ ಗೊತ್ತಾಗಿದ್ದು.

ಆಪರೇಷನ್ ದಿನ ಗಂಗ ಬಂದಿದ್ದಳು. ಬಸ್ಸು ಹಿಡಿದು, ದಾರಿ ಕೇಳಿಕೊಂಡು, ಬಾಳೆ ಎಲೆಯಲ್ಲಿ ಕನಕಾಂಬರ ಸುತ್ತಿಕೊಂಡು. ಕಾಯುವ ಕೋಣೆಯಲ್ಲಿ ರಾಮಾಂಜಿ ಒಬ್ಬರೇ ಕೂತಿದ್ದರು. ಶಮೀಮ ಎದುರಿನ ಬೆಂಚಿನಲ್ಲಿದ್ದಳು.

"ಭಾವ, ಅಕ್ಕ ಹೆಂಗವ್ಳೆ?" ಅಂದಳಂತೆ ಗಂಗ.

ರಾಮಾಂಜಿ ತಲೆ ಎತ್ತದೆ ಹೇಳಿದರಂತೆ: "ನೀನು ತುಳಿದ್ಮೇಲೇ, ಗಂಗಮ್ಮ, ಅವಳ ಕಾಲು ಬಿದ್ದೋಗಿದ್ದು."

ಅಷ್ಟೇ. ಜಗಳ ಇಲ್ಲ, ಕೂಗಾಟ ಇಲ್ಲ. ಗಂಗ ಹೂವಿನ ಪೊಟ್ಟಣವನ್ನು ಶಮೀಮಳ ಕೈಗೆ ಕೊಟ್ಟು, "ಅಕ್ಕಂಗೆ ಮುಡಿಸವ್ವ" ಎಂದು ಹೋದಳಂತೆ. "ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ಳು ಆಪಾ. ಹಾಕ್ಕೊಳ್ಳೋದು ಮರ್ತಿದ್ಳೋ ಏನೋ" ಅಂದಳು ಶಮೀಮ. ಆಪರೇಷನ್ ಆದವರಿಗೆ ಹೂವು ಮುಡಿಸಲು ನರ್ಸ್ ಬಿಡಲಿಲ್ಲ. ಔಷಧಿ ಇಡುವ ಕಪಾಟಿನ ಮೇಲೆ ಅದು ಒಣಗಿತು.

ರಾಮಾಂಜಿ ಮೇಲೆ ನನಗೆ ಆಗ ಎಂಥ ಸಿಟ್ಟು ಬಂದಿರಬೇಡ. ಆದರೆ ಆ ಮನುಷ್ಯನ ಮುಖ ನೋಡಿದರೆ ಬೈಯಲು ಏನೂ ಉಳಿದಿರಲಿಲ್ಲ. ಗಡ್ಡ ಬೆಳೆದಿತ್ತು, ಅಂಗಿ ಗುಂಡಿ ತಪ್ಪು ಕಾಜಕ್ಕೆ ಹಾಕಿದ್ದರು. "ಬಾಯಿಗೆ ಬಂದ್ಬುಡ್ತು" ಅಂದರು. ಗಂಗಳಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ. ಮತ್ತೆ ಮಾಡಿಸಿದೆ. ಆಮೇಲೆ ಸ್ವಿಚ್ ಆಫ್.

ಮನೆಗೆ ಕಳಿಸುವ ದಿನ ಡಾಕ್ಟರಮ್ಮನನ್ನು ಕೇಳಿದೆ. "ಮೇಡಂ, ನನ್ ತಂಗಿ ಬೆನ್ನು ತುಳಿದಿದ್ಳು. ಅದರಿಂದ ಆಯ್ತಾ ಇದು?"

"ಸೋಂಕು ಅವರಿಂದ ಬಂದಿದ್ದಲ್ಲ. ಅದರಲ್ಲಿ ಅನುಮಾನವೇ ಇಲ್ಲ."

"ಕಾಲು?"

ಅವರು ಕೈಯಲ್ಲಿದ್ದ ಫೈಲು ಮುಚ್ಚಿದರು. "ಕೀವು ಆಗಲೇ ನರ ಒತ್ತುತ್ತಾ ಇತ್ತು. ತುಳೀದೇ ಇದ್ದಿದ್ರೂ ಆಗ್ತಿತ್ತು ಅಂತಲೇ ನನಗನ್ಸುತ್ತೆ. ಆದ್ರೆ ಆ ಒತ್ತಡದಿಂದ ಏನೇನೂ ಆಗಿಲ್ಲ ಅಂತ ಪ್ರಮಾಣ ಮಾಡಿ ಹೇಳಿ ಅಂದ್ರೆ, ನನ್ನ ಕೈಲಾಗಲ್ಲಮ್ಮ."

ನನಗೆ ಬೇಕಾಗಿದ್ದು ಒಂದು "ಇಲ್ಲ". ಕ್ಯಾನ್ಸರ್ ಇಲ್ಲ ಅಂದಿದ್ದರಲ್ಲ, ಅಂಥದ್ದೇ ಒಂದು "ಇಲ್ಲ". ಅದು ಸಿಗಲಿಲ್ಲ.

ಸೋಂಕು ಹೋಗಿದೆ. ನಡೆಯುತ್ತೇನೆ. ಮಿಷನ್ನಿಗೆ ಮೋಟಾರ್ ಹಾಕಿಸಿ ಬಲಗಾಲಿನಲ್ಲಿ ಹೊಲಿಯುತ್ತೇನೆ. ಎಡಗಾಲಿನ ಪಾದ ಮಾತ್ರ ಏಳುವುದಿಲ್ಲ, ಮತ್ತು ಗಿಣ್ಣಿನಿಂದ ಕೆಳಗೆ ಅದಕ್ಕೆ ಏನೂ ತಿಳಿಯುವುದಿಲ್ಲ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಒಂದು ದಿನ ಚಪ್ಪಲಿ ರಸ್ತೆಯಲ್ಲೇ ಕಳಚಿ ಉಳಿದಿದೆ, ನಾನು ಬರಿಗಾಲಲ್ಲಿ ಅಂಗಡಿವರೆಗೆ ಬಂದಿದ್ದೇನೆ. ಬೇಕರಿಯವರ ಮಗಳು ಹಿಂದಿನಿಂದ ಚಪ್ಪಲಿ ತಂದುಕೊಟ್ಟಳು. ಈ ಜೋಮಿನ ವಿಷಯ ರಾಮಾಂಜಿಗೆ ಬಿಟ್ಟರೆ ಮನೆಯಲ್ಲಿ ಬೇರೆ ಯಾರಿಗೂ ಹೇಳಿಲ್ಲ. ಕುಂಟು ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ.

ಇದನ್ನು ಓದಿ ಯಾರೂ ಕ್ಯಾಮೆರಾ ಪರೀಕ್ಷೆ ಬೇಡ ಅನ್ನಬೇಡಿ. ನನಗೆ ಇನ್ನೊಂದು ಸಲ ರಕ್ತ ಬಂದರೆ ನಾನೇ ಮೊದಲು ಹೋಗಿ ಮಾಡಿಸಿಕೊಳ್ಳುತ್ತೇನೆ. ಆ ಗುಳ್ಳೆಯನ್ನು ಬಿಟ್ಟಿದ್ದರೆ ಅದು ಏನಾಗುತ್ತಿತ್ತೋ. ನಾನು ಹೇಳುವುದು ಇಷ್ಟೇ: ಅದಾದ ಮೇಲೆ ಜ್ವರ ಬಂದರೆ, ಎಲ್ಲೇ ನೋವು ಬಂದರೆ, "ಹಿಂದ್ಗಡೆಯಿಂದ ಕ್ಯಾಮೆರಾ ಬಿಟ್ಟಿದ್ರು" ಎಂದು ಬಾಯಿಬಿಟ್ಟು ಹೇಳಿ. ಮುಜುಗರ ಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ.

ಗಂಗ ಬರಲಿಲ್ಲ. ಹೂವಿಗೆ ಮಧುಗಿರಿಗೆ ಬಂದರೂ ನನ್ನ ಅಂಗಡಿಯ ಬೀದಿ ಬಿಟ್ಟು ಹೋಗುತ್ತಿದ್ದಳಂತೆ. ಕೊನೆಗೆ ಬೆಲ್ಟ್ ಕಟ್ಟಿಕೊಂಡು, ಕೋಲು ಹಿಡಿದು, ನಾನೇ ಐ.ಡಿ.ಹಳ್ಳಿಗೆ ಹೊರಟೆ. ಭಾನುವಾರವೇ ಆಗಿತ್ತು. ರಾಮಾಂಜಿ ದಾರಿಯುದ್ದಕ್ಕೂ "ನಾನೇ ಹೇಳ್ತೀನಿ, ತಪ್ಪಾಯ್ತು ಅಂತ ನಾನೇ ಕೇಳ್ಕಂತೀನಿ" ಅನ್ನುತ್ತಿದ್ದರು.

ಗಂಗ ನಡುಮನೆಯಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ನನ್ನನ್ನು ನೋಡಿದವಳೇ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಭಾನುವಾರದ ಚಾಪೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿತ್ತು, ಮೇಲೆ ಧೂಳು.

"ಗಂಗಮ್ಮ, ಆವತ್ತು ನಾನು..." ಅಂದರು ರಾಮಾಂಜಿ.

"ಬುಡಿ ಭಾವ. ಇಲ್ದಿದ್ದೇನು ಹೇಳಿಲ್ವಲ್ಲ ನೀವು."

ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ಪಾವಗಡದ ಕಡೆಯವನು, ಸೊಂಟ ಹಿಡಿದುಕೊಂಡು ಒಂದೇ ಕಡೆಗೆ ವಾಲಿದ್ದ. "ಅಮ್ಮಾ, ನಡುಮು ಪಟ್ಟೇಸಿಂದಮ್ಮಾ" ಅಂದ. ಸೊಂಟ ಹಿಡಿದುಬಿಟ್ಟಿದೆ, ತುಳಿಯಮ್ಮ ಎಂದು ಕೈಮುಗಿದ.

ಗಂಗ ಕೂತಲ್ಲಿಂದ ಏಳಲಿಲ್ಲ. "ಆ ಕಾಲು ಸತ್ತೋಯ್ತು ಕಣಪ್ಪ. ಆಸ್ಪತ್ರೆಗೆ ಹೋಗು."

ಅವನು ಅರ್ಥವಾಗದೆ ನಿಂತ. ರಾಮಾಂಜಿ ಅವನ ತೋಳು ಹಿಡಿದು, ತೆಲುಗಿನಲ್ಲಿ ಏನೋ ಸಮಾಧಾನ ಹೇಳುತ್ತಾ, ಟೀ ಕುಡಿಸಲು ಕರೆದುಕೊಂಡು ಹೋದರು. ಇಬ್ಬರೇ ಉಳಿದೆವು.

"ಡಾಕ್ಟ್ರು ಏನಂದ್ರು? ನಿಜ ಹೇಳು" ಅಂದಳು ಗಂಗ.

ಹೇಳಿದೆ. ಸೋಂಕು ನಿನ್ನದಲ್ಲ. ಕಾಲಿನ ವಿಷಯ ಮಾತ್ರ ಅವರು ಪ್ರಮಾಣ ಮಾಡಲಾರರಂತೆ. ಬೇರೆ ಯಾರಾದರೂ ಆಗಿದ್ದರೆ ಎರಡನೆಯದನ್ನು ನುಂಗಿಕೊಳ್ಳುತ್ತಿದ್ದರು. ನನ್ನ ಮುಖ ಅವಳಿಗೆ ಗೊತ್ತು, ನುಂಗಿದರೂ ಹಿಡಿಯುತ್ತಿದ್ದಳು.

"ಹಣೆ ಮುಟ್ಟಿ ನೋಡಿದ್ನಲ್ಲಕ್ಕ" ಅಂದಳು. "ತಣ್ಣಗಿತ್ತಲ್ಲ. ಎರಡು ಸಲ ನೋಡಿದೆ ನಾನು."

"ನೋಡ್ದೆ ಕಣೇ. ನಂಗೊತ್ತಿಲ್ವಾ."

"ತಣ್ಣಗಿತ್ತು" ಅಂದಳು ಮತ್ತೆ, ಯಾರಿಗೋ ಸಾಕ್ಷಿ ಹೇಳುವವಳಂತೆ.

ಎದ್ದೆ, ಮೂಲೆಯ ಚಾಪೆ ತಂದು ಹಾಸಿದೆ, ಗೋಡೆ ಹಿಡಿದು ಮಂಡಿಯೂರಿ, ಹೊಸಿಲಿಗೆ ತಲೆ ಕೊಟ್ಟು ಬೋರಲು ಮಲಗಿದೆ. ಡಾಕ್ಟರಮ್ಮ ನೋಡಿದ್ದರೆ ನನ್ನನ್ನು ಅಲ್ಲೇ ಕೊಲ್ಲುತ್ತಿದ್ದರು.

"ಏನಾಟವೇ ಇದು? ಎದ್ದೇಳಕ್ಕ."

"ಕಾಲಿಡು."

"ನಾ ಇಡಾಕಿಲ್ಲ."

"ತುಳೀಬ್ಯಾಡ. ಸುಮ್ಕೆ ಇಡು, ಹೂವಿಟ್ಟಂಗೆ. ನೀ ಇಟ್ರೆ ನಂಗೇನೂ ಆಗಾಕಿಲ್ಲ."

"ನಾ ಇಡಾಕಿಲ್ಲ ಅಂದ್ರೆ ಇಡಾಕಿಲ್ಲ."

ಹಾಗೇ ಬಿದ್ದುಕೊಂಡೆ. ಹೊಸಿಲಿನ ಮರದಲ್ಲಿ ಹಳೆ ಅರಿಶಿನದ ವಾಸನೆ. ಅವಳು ಇಡಲಿಲ್ಲ. ಇಡುವುದಿಲ್ಲ ಎಂದು ನನಗೆ ಅರ್ಥವಾಗಲು ತುಂಬಾ ಹೊತ್ತು ಹಿಡಿಯಿತು. ಆಮೇಲೆ ಏಳೋಣ ಅಂದುಕೊಂಡರೆ ಆಗಲಿಲ್ಲ. ಬೆನ್ನು ಬಗ್ಗದು, ಎಡಗಾಲು ಊರದು. ದಡ್ಡಿಯ ಹಾಗೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ.

"ಲೇ ಗಂಗ, ಎತ್ತೇ."

ಅವಳು ಬಂದಳು. ನನ್ನನ್ನು ಮಗ್ಗುಲಿಗೆ ತಿರುಗಿಸಿ, ಕೂರಿಸಿ, ಎದುರು ನಿಂತು ಎರಡೂ ಕೈ ಹಿಡಿದಳು. ಎಳೆದಳು. ನನ್ನ ಎಡಪಾದ ನೆಲದ ಮೇಲೆ ಜಾರಿಹೋಯಿತು. ಇನ್ನೊಂದು ಸಲ ಎಳೆದಳು, ಮತ್ತೆ ಜಾರಿತು. ಅವಳು ನೆಲ ನೋಡಿದಳು, ನನ್ನ ಕಾಲು ನೋಡಿದಳು. ಸೀರೆ ಸ್ವಲ್ಪ ಎತ್ತಿ, ತನ್ನ ಎಡಗಾಲು ತಂದು ನನ್ನ ಕಾಲ್ಬೆರಳುಗಳ ಮೇಲೆ ಅಡ್ಡವಾಗಿ ಊರಿ, ಜಾರದಂತೆ ಒತ್ತಿ ಹಿಡಿದು, ಒಂದೇ ಸಲಕ್ಕೆ ನನ್ನನ್ನು ಎತ್ತಿ ನಿಲ್ಲಿಸಿದಳು. ನಾನು ಅವಳ ಮೇಲೆಯೇ ಬಿದ್ದೆ. ಇಬ್ಬರೂ ಬಿಗಿಯಾಗಿ ಹಿಡಿದುಕೊಂಡು ನಿಂತೆವು.

ಅವಳು ಕಾಲು ತೆಗೆಯಲಿಲ್ಲ.

"ನೋವಾಯ್ತಾ?" ಅಂದಳು.

"ಇಲ್ಲ."

"ನನ್ ಕಾಲು ತಾಗ್ತಾ ಐತಾ ಅಕ್ಕ?"

ಅವಳ ಹೆಗಲಿನ ಮೇಲಿಂದ ಕೆಳಗೆ ನೋಡಿದೆ. ಬಿರುಕು ಬಿಟ್ಟ ಹಿಮ್ಮಡಿ, ಅಗಲವಾದ ಪಾದ, ಹೂತೋಟದ ಕೆಂಪು ಮಣ್ಣು. ನಾನು ಹೊಟ್ಟೆಕಿಚ್ಚು ಪಟ್ಟ ಕಾಲು. ಅದು ನನ್ನ ಕಾಲಿನ ಮೇಲಿತ್ತು. ಕಣ್ಣಿಗೆ ಕಾಣುತ್ತಿತ್ತು. ಅಷ್ಟೇ.

ಮುಖ ಅವಳಿಗೆ ಕಾಣದಂತೆ ಅವಳ ಹೆಗಲಿಗೆ ಒತ್ತಿಕೊಂಡು ಹೇಳಿದೆ: "ಹೂಂ ಕಣೇ. ಬೆಚ್ಚಗೈತೆ."

ಗಂಗಳ ಹತ್ತಿರ ಇರುವುದು ಬಟನ್ ಫೋನು, ಇದನ್ನೆಲ್ಲ ಅವಳು ಓದುವುದಿಲ್ಲ. ಐ.ಡಿ.ಹಳ್ಳಿ ಕಡೆಯವರು ಯಾರಾದರೂ ಓದಿದರೆ, ಬೇಕಾದರೆ ಎಲ್ಲವನ್ನೂ ಅವಳಿಗೆ ಹೇಳಿ. ನನ್ನ ಎಡಗಾಲಿನ ಜೋಮಿನ ಮಾತೊಂದನ್ನು ಮಾತ್ರ ಹೇಳಬೇಡಿ.